ಗಾಜಿನ ತೊಟ್ಟಿಯಲ್ಲಿ ಕಡಲಿನ ಅಲೆ

ಹವಳವನ್ನು ಕಲ್ಲೆಂದೋ ಗಿಡವೆಂದೋ ಭಾವಿಸುವವರುಂಟು. ವಾಸ್ತವವಾಗಿ ಅದು ಅಸಂಖ್ಯ ಪುಟ್ಟ ಪ್ರಾಣಿಗಳ ವಸತಿ. ಮೀನು ಇದ್ದೆಡೆ ಸೊಗಸದಿದ್ದರೆ ಈಜಿ ಬೇರೆಡೆಗೆ ಹೋಗಬಲ್ಲುದು. ನೆಲೆಗೆ ಅಂಟಿಕೊಂಡ ಹವಳಕ್ಕೆ ಆ ಸ್ವಾತಂತ್ರ್ಯವಿಲ್ಲ. ಪ್ರಾಣವಾಯುವನ್ನೂ ಆಹಾರದ ಕಣಗಳನ್ನೂ ನೀರೇ ಅದರ ಬಳಿಗೆ ತರಬೇಕು. ಕಶ್ಮಲವನ್ನು ನೀರೇ ಒಯ್ಯಬೇಕು. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಅಲೆಗಳೂ ಉಬ್ಬರವಿಳಿತಗಳೂ ಹಗಲಿರುಳು ಈ ಸೇವೆಯನ್ನು ಮಾಡುತ್ತವೆ. ಗಾಜಿನ ತೊಟ್ಟಿಯಲ್ಲಿ ಹವಳವನ್ನು ಸಾಕುವಾಗ ಆ ಹೊಣೆ ಪಂಪಿನದು.

ಹವಳದ ಮೈಗೆ ತಗುಲಿದಂತೆ ನೀರಿನ ತೆಳುವಾದ ಪದರವೊಂದು ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ಪ್ರವಾಹವು ಮಂದವಾದಷ್ಟೂ ಈ ಪದರವು ದಪ್ಪವಾಗುತ್ತದೆ. ಪ್ರಾಣವಾಯು ಅದನ್ನು ದಾಟಿ ಒಳಸೇರುವುದೂ ನಿಧಾನವಾಗುತ್ತದೆ. ನಿಂತ ನೀರಿನಲ್ಲಿ ಹವಳವು ಸೊರಗಲು ಇದೊಂದು ಕಾರಣ.

ಹಾಗಾದರೆ ಎಷ್ಟು ಪ್ರವಾಹ ಬೇಕು? ಲೆಕ್ಕ ಮಾಡಿ ನೋಡೋಣ. 100 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರದ ತೊಟ್ಟಿಯಲ್ಲಿ 250 ಲೀಟರ್ ನೀರು ಹಿಡಿಯುತ್ತದೆ. ಗಟ್ಟಿ ಹವಳಗಳಿಗೆ ಗಂಟೆಗೆ ಇದರ 20 ಪಟ್ಟಾದರೂ ನೀರು ಚಲಿಸಬೇಕೆಂಬುದು ಸಾಕುವವರ ವಾಡಿಕೆ. ಅಂದರೆ 5,000 ಲೀಟರ್. ಇದಕ್ಕೆ ಒಂದೇ ದೊಡ್ಡ ಪಂಪು ಸಾಲದೆ? ಸಾಲದು. ಒಂದೇ ಕಡೆಯಿಂದ ರಭಸವಾಗಿ ನುಗ್ಗುವ ನೀರು ಎದುರಿನ ಹವಳದ ಮೃದುವಾದ ಮೈಯನ್ನು ಹರಿಯುತ್ತದೆ. ಬಂಡೆಗಳ ಮರೆಯಲ್ಲಿ ಕಸವು ಹಾಗೆಯೇ ನಿಲ್ಲುತ್ತದೆ. 2,500 ಲೀಟರಿನ ಎರಡು ಪಂಪುಗಳನ್ನು ಎದುರುಬದುರಾಗಿ ಇರಿಸಿದರೆ ಎರಡೂ ಪ್ರವಾಹಗಳು ಪರಸ್ಪರ ತಾಗಿ, ಕಡಲಿನಂತೆಯೇ ದಿಕ್ಕು ಬದಲಿಸುತ್ತಿರುತ್ತವೆ.

ಕೆಳಗಿನ ಶೋಧಕ ತೊಟ್ಟಿಯಿಂದ ನೀರನ್ನು ಮೇಲೆತ್ತುವ ಪಂಪಿನ ವಿಚಾರ ಬೇರೆ. ಡಬ್ಬಿಯ ಮೇಲೆ ‘ಗಂಟೆಗೆ 2,000 ಲೀಟರ್, ಗರಿಷ್ಠ ಎತ್ತರ 2 ಮೀಟರ್’ ಎಂದು ಬರೆದಿದೆಯೆನ್ನೋಣ. ಈ ಎರಡು ಅಂಕಿಗಳು ಒಟ್ಟಿಗೆ ನಿಜವಾಗಲಾರವು. ಮೊದಲನೆಯದು ನೀರನ್ನು ಎತ್ತಬೇಕಾಗಿಲ್ಲದಾಗಿನ ಮಾತು. 2 ಮೀಟರ್ ಎತ್ತರದಲ್ಲಿ ಒಂದು ಹನಿಯೂ ಹೊರಬೀಳದು. ಒಂದೂವರೆ ಮೀಟರ್ ಎತ್ತರಕ್ಕೆ ಹೇಳಿದ್ದರ ಅರ್ಧವೂ ದೊರೆಯದೆ ಹೋಗಬಹುದು. ಕೊಳವೆ ಕಿರಿದಾಗಿದ್ದರೆ, ತಿರುವುಗಳು ಹೆಚ್ಚಿದ್ದರೆ, ನಷ್ಟ ಇನ್ನೂ ಅಧಿಕ. ಆದುದರಿಂದ ಯಾವ ಎತ್ತರಕ್ಕೆ ಎಷ್ಟು ನೀರೆಂದು ತೋರಿಸುವ ರೇಖಾಚಿತ್ರವನ್ನು ನೋಡಿಯೇ ಪಂಪನ್ನು ಆರಿಸಬೇಕು.

ಮತ್ತೆರಡು ವಿಷಯಗಳನ್ನು ಮರೆಯಲಾಗದು. ನೀರಿನಲ್ಲಿ ಮುಳುಗಿರುವ ಪಂಪು ಬಳಸುವ ವಿದ್ಯುಚ್ಛಕ್ತಿಯ ಬಹುಭಾಗ ಕೊನೆಗೆ ಶಾಖವಾಗಿ ಆ ನೀರನ್ನೇ ಸೇರುತ್ತದೆ. ನೀರು ಅತಿಯಾಗಿ ಕಾದರೆ ಹವಳವು ತನ್ನೊಳಗೆ ವಾಸಿಸುವ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡು ಬಿಳಚುತ್ತದೆ. ಆದ್ದರಿಂದ ಕಡಿಮೆ ವ್ಯಾಟಿನ ಪಂಪೇ ಲೇಸು. ಎರಡನೆಯದು ವಿದ್ಯುತ್ತು ನಿಂತಾಗಿನ ಸಂಕಟ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕಡಲ ನೀರಿನಲ್ಲಿ ಕರಗುವ ಪ್ರಾಣವಾಯು ಲೀಟರಿಗೆ ಸುಮಾರು 7 ಮಿಲಿಗ್ರಾಂ ಮಾತ್ರ. ನೀರು ಅಲುಗದಿದ್ದರೆ ತೊಟ್ಟಿಯ ಜೀವಿಗಳು ಅದನ್ನು ಬೇಗನೆ ಮುಗಿಸಿಬಿಡುತ್ತವೆ. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಯ ಪಂಪೊಂದು ಆಗ ಪ್ರಾಣರಕ್ಷಕ.

ನಮ್ಮ ಕಡಲಿನ ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವನ್ನು ಕಿತ್ತು ತರುವುದು ಅಪರಾಧ. ಇಷ್ಟೊಂದು ಲೆಕ್ಕ, ಯಂತ್ರ, ಎಚ್ಚರಿಕೆಗಳಿಂದ ನಾವು ತೊಟ್ಟಿಯೊಂದರಲ್ಲಿ ಸಾಧಿಸುವುದನ್ನು ಕಡಲು ತಾನಾಗಿಯೇ ನಡೆಸುತ್ತಿದೆ. ಇದನ್ನರಿತ ವಿದ್ಯಾರ್ಥಿಗೆ ಕಡಲನ್ನು ಕೆಡಿಸಲು ಮನಸ್ಸು ಬಾರದು.