ಅಂಗನವಾಡಿಯ ಆಹಾರ ಸೋರದಿರಲು

ಅಂಗನವಾಡಿಯ ಹಾಜರಾತಿ ಪುಸ್ತಕದಲ್ಲಿರುವಷ್ಟು ಮಕ್ಕಳು ಊಟಕ್ಕೆ ಕೂರುತ್ತಿಲ್ಲವೆಂದು ಬರೆದಿರುವ, ತಾಯಂದಿರಿರುವ ಬಾಲವಿಕಾಸ ಸಮಿತಿಯ ಸದಸ್ಯೆಯೊಬ್ಬರ ಸಂಶಯ ಗಂಭೀರವಾದದ್ದು. ಆದರೆ ಅಷ್ಟರಿಂದಲೇ ಕಾರ್ಯಕರ್ತೆಯನ್ನು ತಪ್ಪಿತಸ್ಥೆಯೆಂದು ಭಾವಿಸುವುದು ಅನ್ಯಾಯವಾದೀತು.

ಊರು ಬಿಟ್ಟ ಅಥವಾ ಖಾಸಗಿ ಶಾಲೆ ಸೇರಿದ ಮಕ್ಕಳ ಹೆಸರುಗಳನ್ನು ಉಳಿಸಿಕೊಂಡು ಇಂಡೆಂಟ್, ಅಂದರೆ ಆಹಾರದ ಬೇಡಿಕೆಪಟ್ಟಿಯನ್ನು ಉಬ್ಬಿಸುವುದು ವಂಚನೆಯ ಒಂದು ರೂಪ. ಸರಬರಾಜುದಾರರು ತೂಕ ಕಡಿಮೆಯಿರುವ ಚೀಲಗಳನ್ನು ಇಳಿಸಿ ಪೂರ್ಣ ಪ್ರಮಾಣಕ್ಕೆ ಸಹಿ ಪಡೆಯುವುದು ಇನ್ನೊಂದು ರೂಪವಾಗಿದ್ದು, ಇದರಲ್ಲಿ ಅಲ್ಪ ಗೌರವಧನಕ್ಕೆ ದುಡಿಯುವ ಕಾರ್ಯಕರ್ತೆಯೇ ಕಾಗದದ ಮೇಲೆ ಹೊಣೆಗಾರಳಾಗುವುದರಿಂದ ಇದು ಹೆಚ್ಚು ಕ್ರೂರವಾದದ್ದು. ಅಂಗನವಾಡಿಗಳ ಆಹಾರ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಕೂಡದೆಂದು ಸುಪ್ರೀಂ ಕೋರ್ಟ್ 2004ರಲ್ಲಿಯೇ ಆದೇಶಿಸಿತ್ತು.

ಇಂಥ ತೂಕದ ವಂಚನೆಯನ್ನು ತಡೆಯಲು ಸಮಿತಿಯ ತಾಯಂದಿರು ದಾಸ್ತಾನು ಬರುವ ದಿನ ತಾವೇ ಹಾಜರಿದ್ದು, ಪ್ರತಿ ಚೀಲವನ್ನೂ ತೂಗಿಸಿ, ಕಂಡ ತೂಕವನ್ನಷ್ಟೇ ರಸೀದಿಯಲ್ಲಿ ಬರೆಯಿಸಿದ ಮೇಲೆಯೇ ಸಹಿ ಬೀಳುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶವು ಹಾಜರಾತಿಯನ್ನು ದಾಖಲಿಸಬಲ್ಲದು, ಆದರೆ ತಟ್ಟೆಯಲ್ಲಿ ಮೊಟ್ಟೆ ಇದೆಯೇ ಎಂಬುದನ್ನು ತಾಯಂದಿರ ಕಣ್ಣೇ ನೋಡಬೇಕು.

ವ್ಯತ್ಯಾಸ ಮುಂದುವರಿದರೆ ದಿನಾಂಕ ಮತ್ತು ತೂಕದ ವಿವರಗಳೊಡನೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ದಾಸ್ತಾನು ವಹಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಫಲಾನುಭವಿಗಳ ಎದುರಿನಲ್ಲೇ ಲೆಕ್ಕವನ್ನು ಪರಿಶೀಲಿಸುವ ಸಾಮಾಜಿಕ ಪರಿಶೋಧನೆಗೂ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಅವಕಾಶವಿದೆ. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಪೌಷ್ಟಿಕ ಆಹಾರ ಕಾನೂನುಬದ್ಧ ಹಕ್ಕೆಂದು ಅದೇ ಕಾಯ್ದೆ ಹೇಳುವುದರಿಂದ, ಲೆಕ್ಕ ಕೇಳುವ ತಾಯಿ ಯಾರ ಉಪಕಾರವನ್ನೂ ಬೇಡುತ್ತಿಲ್ಲ.