ಎಳೆಯ ಉಗುರು

ಮಂಗಳೂರಿನ ಮನೆಗಳಲ್ಲಿ, ಹೆರಿಗೆಯಾಗಿ ನಾಲ್ಕಾರು ದಿನ ಕಳೆಯುವಷ್ಟರಲ್ಲಿ, ಕೂಸಿನ ಕೆನ್ನೆಯ ಮೇಲೆ ಕೂದಲೆಳೆಯಂಥ ಕೆಂಪು ಗೀರೊಂದು ಕಾಣಿಸಿಕೊಳ್ಳುವುದುಂಟು. ಮನೆಯವರು ಮೊದಲು ಸೊಳ್ಳೆಯನ್ನು ಶಂಕಿಸುತ್ತಾರೆ; ಬಳಿಕ ತೊಟ್ಟಿಲಿನ ಬಟ್ಟೆಯನ್ನು ಕೊಡವಿ ನೋಡುತ್ತಾರೆ; ಬೆಕ್ಕು ಸಾಕಿದ ಮನೆಯಾದರೆ ಅದಕ್ಕೂ ಬೈಗುಳ ತಪ್ಪದು. ಅಪರಾಧಿಯಾದರೋ ತೊಟ್ಟಿಲಿನಲ್ಲಿಯೇ ಮುಷ್ಟಿ ಬಿಗಿದುಕೊಂಡು ನಿದ್ರಿಸುತ್ತಿರುತ್ತದೆ. ಗೀರು ಕೂಸಿನ ಉಗುರಿನದೇ.

ಮುಟ್ಟಿದರೆ ಬಾಗುವಷ್ಟು ಮೆತ್ತಗಿರುವ ಈ ಉಗುರು ಚರ್ಮವನ್ನು ಗೀರುವುದು ಹೇಗೆ? ಹೊಸ ಪುಸ್ತಕದ ಹಾಳೆ ನಮ್ಮ ಬೆರಳನ್ನು ಕೊಯ್ಯುವುದು ಹೇಗೋ ಹಾಗೆಯೇ. ಹಾಳೆಯೂ ಮೆತ್ತಗಿನದೇ, ಆದರೆ ಅದರ ಅಂಚು ಬಹಳ ತೆಳು. ಬಲ ಅಲ್ಪವಾದರೂ ಅದು ಬೀಳುವ ಸ್ಥಳ ಕಿರಿದಾದಷ್ಟೂ ಒತ್ತಡ ಹೆಚ್ಚುತ್ತದೆಂಬುದನ್ನು ಭೌತಶಾಸ್ತ್ರದ ಪಾಠದಲ್ಲಿ ನಾವು ಓದಿರುತ್ತೇವೆ. ಇತ್ತ ಶಿಶುವಿನ ಚರ್ಮದ ಹೊರಪದರವು ದೊಡ್ಡವರದಕ್ಕಿಂತ ತೆಳುವಾದುದು. ತೆಳುವಾದ ಅಂಚೂ ತೆಳುವಾದ ಚರ್ಮವೂ ಕೂಡಿದರೆ ಗೀರು ಬೀಳುವುದರಲ್ಲಿ ಆಶ್ಚರ್ಯವೇನು?

ಉಗುರೆಂಬುದು ಕೆರಟಿನ್ ಎಂಬ ಪ್ರೋಟೀನಿನಿಂದಾದುದು. ನಮ್ಮ ಕೂದಲು, ದನದ ಕೊಂಬಿನ ಹೊರಕವಚ, ಹುಲಿಯ ಉಗುರು ಎಲ್ಲವೂ ಅದೇ ಬಗೆಯ ವಸ್ತುಗಳೇ. ಕಣ್ಣಿಗೆ ಕಾಣುವ ಉಗುರಿನಲ್ಲಿ ಜೀವವಿಲ್ಲ, ನರವಿಲ್ಲ, ರಕ್ತವಿಲ್ಲ. ಜೀವವಿರುವುದು ಬುಡದ ಚರ್ಮದ ಮಡಿಕೆಯೊಳಗೆ ಅಡಗಿರುವ ಬೇರಿನಲ್ಲಿ. ಅಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಗಟ್ಟಿಯಾಗಿ, ಸತ್ತು, ಹಿಂದಿನಿಂದ ಬರುವವುಗಳ ಒತ್ತಡಕ್ಕೆ ಮುಂದೆ ಸರಿಯುತ್ತವೆ. ಉಗುರು ಕತ್ತರಿಸಿದರೆ ನೋವಾಗದು. ಅದರ ಅಡಿಯ ಚರ್ಮ ಕತ್ತರಿಸಿದರೆ ಆಗುವ ನೋವು ಎಲ್ಲರಿಗೂ ತಿಳಿದದ್ದೇ.

ಈ ಕೆಲಸ ತಾಯಿಯ ಗರ್ಭದಲ್ಲಿಯೇ ಮೊದಲಾಗುತ್ತದೆ. ಸುಮಾರು 10ನೆಯ ವಾರದಲ್ಲಿ ಉಗುರಿನ ಅಂಕುರ ತೋರುತ್ತದೆ. 32ನೆಯ ವಾರದ ಸುಮಾರಿಗೆ ಕೈಯುಗುರು ಬೆರಳಿನ ತುದಿಯನ್ನು ಮುಟ್ಟುತ್ತದೆ. ಕಾಲಿನದಕ್ಕೆ ಇನ್ನೂ ನಾಲ್ಕು ವಾರಗಳು ಬೇಕು. ಮದರಾಸಿನ ಗವರ್ನರರಾಗಿದ್ದ ಗೋಷನ್ ಅವರ ಪತ್ನಿಯ ಹೆಸರನ್ನು ಹೊತ್ತು ಮಂಗಳೂರಿನ ನಡುವೆ ನಿಂತಿರುವ ಲೇಡಿ ಗೋಷನ್ ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟುವ ಕೂಸಾಗಲಿ, ಲೋಕದ ಇನ್ನಾವ ಮೂಲೆಯಲ್ಲಿ ಹುಟ್ಟುವ ಕೂಸಾಗಲಿ, ದಿನ ತುಂಬಿ ಹುಟ್ಟಿದ್ದಾದರೆ ಸಾಮಾನ್ಯವಾಗಿ ಉಗುರು ಬೆಳೆಸಿಕೊಂಡೇ ಬರುತ್ತದೆ. ದಿನ ಮೀರಿ ಹುಟ್ಟಿದ್ದರೆ ಉಗುರು ಇನ್ನೂ ಉದ್ದ.

ಉಗುರು ಎಷ್ಟು ವೇಗವಾಗಿ ಬೆಳೆಯುತ್ತದೆ? ಇದನ್ನು ಅಳೆಯಲು ಹೊರಟ ವಿಲಿಯಂ ಬೀನ್ ಎಂಬ ಅಮೆರಿಕದ ವೈದ್ಯರ ತಾಳ್ಮೆ ಮೆಚ್ಚತಕ್ಕದ್ದು. ತಿಂಗಳಿಗೊಮ್ಮೆ ತಮ್ಮ ಎಡಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಗೀಟೊಂದನ್ನು ಹಾಕಿ, ಅದು ತುದಿ ಮುಟ್ಟಲು ಎಷ್ಟು ದಿನ ಹಿಡಿಯಿತೆಂದು ಅವರು 35 ವರ್ಷಗಳ ಕಾಲ ಬರೆದಿಟ್ಟರು. 32ನೆಯ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ನೆಯ ವಯಸ್ಸಿನಲ್ಲಿ 0.095 ಮಿಲಿಮೀಟರಿಗೆ ಇಳಿದಿತ್ತು. ಈ ಪ್ರಯೋಗಕ್ಕೆ ಪ್ರಯೋಗಶಾಲೆ ಬೇಡ. ಒಂದು ಸಣ್ಣ ಅರ ಮತ್ತು ಒಂದು ದಿನಚರಿ ಸಾಕು. ವಿದ್ಯಾರ್ಥಿಗಳು ಮಾಡಿ ನೋಡಬಹುದು. ದಿನಕ್ಕೆ 0.1 ಮಿಲಿಮೀಟರ್ ಎಂದು ಹಿಡಿದರೂ ವಾರಕ್ಕೆ 0.7 ಮಿಲಿಮೀಟರ್ ಆಯಿತು. ನಮ್ಮ ಬೆರಳಿಗೆ ಇದು ಲೆಕ್ಕಕ್ಕಿಲ್ಲ. ಅಕ್ಕಿಕಾಳಿನಷ್ಟಿರುವ ಉಗುರಿಗೆ ಇದು ದೊಡ್ಡ ಮೊತ್ತವೇ. ಕೂಸಿನ ಕೈಯುಗುರನ್ನು ವಾರಕ್ಕೆ ಒಮ್ಮೆ, ಕೆಲವೊಮ್ಮೆ ಎರಡು ಬಾರಿ, ನೋಡಬೇಕಾಗುವುದು ಇದರಿಂದ.

ನವಜಾತ ಶಿಶು ಬೇಕೆಂದು ಪರಚಿಕೊಳ್ಳುವುದಿಲ್ಲ. ಕೈಯನ್ನು ಬೇಕಾದೆಡೆಗೆ ಒಯ್ಯುವ ಹತೋಟಿ ಅದಕ್ಕಿನ್ನೂ ಬಂದಿರುವುದಿಲ್ಲ. ಬಾಗಿಲು ಧಡಾರನೆ ಬಡಿದರೆ ಬೆಚ್ಚಿ ತೋಳುಗಳನ್ನು ಅಗಲಿಸಿ, ಒಡನೆಯೇ ಎದೆಯ ಕಡೆಗೆ ಎಳೆದುಕೊಳ್ಳುತ್ತದೆ. ಹಸಿವಾದರೆ ಮುಷ್ಟಿಯನ್ನು ಬಾಯಿಗೆ ಒಯ್ಯಲು ಹೋಗಿ ಮೂಗಿಗೋ ರೆಪ್ಪೆಗೋ ತಗಲಿಸುತ್ತದೆ. ಕೆನ್ನೆಯ ಗೀರು ಎರಡು ದಿನಗಳಲ್ಲಿ ಮಾಯುತ್ತದೆ. ನಾವು ಹೆದರಬೇಕಾದದ್ದು ಕಣ್ಣಿಗೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯದಲ್ಲಿ ನರತಂತುಗಳು ಬಹು ದಟ್ಟವಾಗಿವೆ. ಅಲ್ಲಿ ಉಗುರು ತಗಲಿದರೆ ನೋವು ತೀವ್ರ. ಕೂಸು ಸಮಾಧಾನವಾಗದೆ ಅಳುತ್ತ, ಒಂದು ಕಣ್ಣನ್ನು ಬಿಡಲೊಲ್ಲದೆ, ಆ ಕಣ್ಣಿನಿಂದ ನೀರು ಸುರಿಸುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಹರಳೆಣ್ಣೆಯನ್ನಾಗಲಿ ಎದೆಹಾಲನ್ನಾಗಲಿ ಕಣ್ಣಿಗೆ ಬಿಡಬಾರದು.

ಹಾಗಾದರೆ ಕೈಗೆ ಬಟ್ಟೆಯ ಚೀಲ ತೊಡಿಸಿಬಿಟ್ಟರಾಯಿತಲ್ಲ ಎನ್ನುವವರುಂಟು. ಸ್ವಲ್ಪ ಹೊತ್ತಿಗೆ ಆಗಬಹುದು, ದಿನವಿಡೀ ಬೇಡ. ಶಿಶು ಲೋಕವನ್ನು ಅರಿಯುವುದು ಬಾಯಿಂದ ಮತ್ತು ಕೈಯಿಂದ. ಮಂಗಳೂರಿನ ಹವೆಯೂ ಇದಕ್ಕೆ ಅನುಕೂಲವಾದುದಲ್ಲ: ಎಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಚೀಲದೊಳಗಿನ ಕೈ ಬೆವರುತ್ತದೆ, ಮಳೆಗಾಲದಲ್ಲಿ ಒಗೆದ ಚೀಲ ಒಣಗುವುದೇ ಇಲ್ಲ. ಇನ್ನೊಂದು ಅಪಾಯವನ್ನು ಹಲವರು ಅರಿಯರು. ಚೀಲದ ಒಳಹೊಲಿಗೆಯಿಂದ ಬಿಚ್ಚಿದ ನೂಲೊಂದು ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತು ಬೆರಳಿಗೇ ಸಂಚಕಾರ ಬರುವುದುಂಟು. ತೊಡಿಸುವುದಾದರೆ ಒಳಮಗ್ಗುಲನ್ನು ಹೊರಳಿಸಿ ನೋಡಿಯೇ ತೊಡಿಸಬೇಕು.

ಹಲ್ಲಿನಿಂದ ಉಗುರು ಕಚ್ಚಿ ತೆಗೆಯುವ ರೂಢಿಯೂ ಉಂಟು. ಕಬ್ಬಿಣದ ಕತ್ತರಿಗಿಂತ ತಾಯಿಯ ಹಲ್ಲು ಮೃದುವೆಂಬ ವಾತ್ಸಲ್ಯವೇ ಇದರ ಮೂಲ. ಆದರೆ ನಮ್ಮ ಬಾಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಬೆರಳಿನ ಚರ್ಮ ತುಸು ಹರಿದರೂ ಅವು ಒಳಹೊಕ್ಕು ಉಗುರಿನ ಸುತ್ತ ಕೀವಾದೀತು. ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸು ದೊಡ್ಡವರಿಗೆ ಕಿರುಕುಳ ಮಾತ್ರ. ನವಜಾತ ಶಿಶುವಿಗೆ ಅದು ಪ್ರಾಣಾಪಾಯವನ್ನೇ ತರಬಲ್ಲದು. ಕ್ಷೌರದ ಬ್ಲೇಡನ್ನಂತೂ ಹತ್ತಿರ ತರಲೇಬಾರದು.

ಮುಸ್ಸಂಜೆಯಲ್ಲಿ ಉಗುರು ತೆಗೆಯಬಾರದೆಂದು ಹಿರಿಯರು ಹೇಳುವ ಮಾತು ಕೂಸಿನ ಮಟ್ಟಿಗೆ ಸರಿಯಾದುದೇ. ಈ ಕೆಲಸಕ್ಕೆ ಒಳ್ಳೆಯ ಬೆಳಕು ಬೇಕು. ಮಂಗಳವಾರ, ಶುಕ್ರವಾರದ ನಿಷೇಧಕ್ಕೆ ವಿಜ್ಞಾನದ ಆಧಾರವಿಲ್ಲ. ಆದರೂ ಅದಕ್ಕಾಗಿ ಅಜ್ಜಿಯೊಡನೆ ಜಗಳಕ್ಕೆ ನಿಲ್ಲಬೇಕಾದ್ದಿಲ್ಲ. ವಾರದಲ್ಲಿ ಇನ್ನೂ ಐದು ದಿನಗಳಿವೆ.

ಕೂಸಿಗೆ ಎಣ್ಣೆ ಹಚ್ಚಿ ಬಿಸಿನೀರು ಮೀಯಿಸಿದ ಬಳಿಕ ಉಗುರು ನೀರು ಹೀರಿ ಮೆತ್ತಗಾಗಿರುತ್ತದೆ, ಕೂಸೂ ನಿದ್ದೆಹೋಗುತ್ತದೆ. ಅದೇ ತಕ್ಕ ಸಮಯ. ಕೈ ತೊಳೆದುಕೊಂಡು, ತುದಿ ಗುಂಡಾದ ಪುಟ್ಟ ಕತ್ತರಿಯನ್ನೋ ಶಿಶುಗಳಿಗೆಂದೇ ಮಾಡಿದ ನೇಲ್ ಕಟರನ್ನೋ ತೆಗೆದುಕೊಳ್ಳಬೇಕು. ಇಬ್ಬರಿದ್ದರೆ ಒಳ್ಳೆಯದು: ಒಬ್ಬರು ಕೂಸಿನ ಕೈಯನ್ನು ಹಿಡಿಯುವುದು, ಒಬ್ಬರು ಕತ್ತರಿಸುವುದು. ಎಳೆಯ ಬೆರಳಿನಲ್ಲಿ ತುದಿಯ ಚರ್ಮವು ಉಗುರಿನ ಅಡಿಗೆ ಅಂಟಿಕೊಂಡಂತೆಯೇ ಇರುತ್ತದೆ; ರಕ್ತ ಬರುವುದು ಸಾಮಾನ್ಯವಾಗಿ ಇಲ್ಲಿಯೇ. ಆದುದರಿಂದ ಬೆರಳಿನ ತುದಿಯ ಮಾಂಸವನ್ನು ಮೆಲ್ಲನೆ ಕೆಳಕ್ಕೆ ಒತ್ತಿ, ಉಗುರಿನ ಅಂಚು ಬೇರೆಯಾಗಿ ಕಂಡ ಮೇಲೆಯೇ ಕತ್ತರಿ ಇಡಬೇಕು. ಬೆರಳಿನ ದುಂಡಗೆ ಅನುಸಾರವಾಗಿ ಕತ್ತರಿಸಿ, ಬಿಳಿಯ ಅಂಚನ್ನು ತುಸು ಉಳಿಸುವುದು ಕ್ಷೇಮ. ಉಳಿದ ಮೊನೆಯನ್ನು ನಯವಾದ ಅರದಿಂದ ಉಜ್ಜಬೇಕು. ಕತ್ತರಿಸಿದ ಮೊನೆಯೇ ಹೆಚ್ಚು ಗೀರುತ್ತದೆ. ಕೈ ನಡುಗುವವರು ಮೊದಲ ವಾರಗಳಲ್ಲಿ ಅರವನ್ನು ಮಾತ್ರ ಬಳಸಿದರೂ ನಡೆಯುತ್ತದೆ.

ಅಷ್ಟಾಗಿಯೂ ರಕ್ತ ಜಿನುಗಿದರೆ ಶುಚಿಯಾದ ಬಟ್ಟೆಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಅಂಟುಪಟ್ಟಿ ಹಾಕಬಾರದು, ಕೂಸು ಬೆರಳು ಚೀಪುವಾಗ ಅದು ಕಳಚಿ ಗಂಟಲಿಗೆ ಸಿಕ್ಕಬಹುದು. ಮರುದಿನ ಉಗುರಿನ ಸುತ್ತ ಕೆಂಪಾಗಿ ಊದಿಕೊಂಡಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಕಾಲಿನ ಉಗುರು ನಿಧಾನವಾಗಿ ಬೆಳೆಯುತ್ತದೆ. ತಿಂಗಳಿಗೊಮ್ಮೆ ಎರಡು ಬಾರಿ ನೋಡಿಕೊಂಡರೆ ಸಾಕು. ಅದನ್ನು ಮಾತ್ರ ದುಂಡಗೆ ಕತ್ತರಿಸದೆ ನೇರವಾಗಿ ಕತ್ತರಿಸಬೇಕು. ಇಲ್ಲವಾದರೆ ಅಂಚು ಮಾಂಸದೊಳಕ್ಕೆ ಬೆಳೆದೀತು. ಕೂಸಿನ ಹೆಬ್ಬೆಟ್ಟಿನ ಉಗುರು ಚಮಚೆಯಂತೆ ನಡುವೆ ತಗ್ಗಾಗಿದ್ದರೆ ಗಾಬರಿಯಾಗಬೇಕಿಲ್ಲ. ದೊಡ್ಡವರಲ್ಲಿ ಅದು ಕಬ್ಬಿಣದ ಅಂಶದ ಕೊರತೆಯ ಗುರುತಾಗಬಹುದು. ಶಿಶುಗಳಲ್ಲಿ ಅದು ಸಾಮಾನ್ಯ, ಉಗುರು ದಪ್ಪವಾಗುತ್ತ ಬಂದಂತೆ ತಾನಾಗಿಯೇ ಸರಿಹೋಗುತ್ತದೆ.