ಕೆಂಪು ದ್ರಾಕ್ಷಾರಸಕ್ಕೆ ಸಾವಯವ ದ್ರಾಕ್ಷಿ: ನೆಡುವ ಮೊದಲು



ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೆಂಪು ಬಾಳೆ ಕೊಳ್ಳುವವರು ಅದು ಕಮಲಾಪುರದ್ದೇ ಎಂದು ಕೇಳುವುದುಂಟು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆ ದೊರೆತಿದೆ. ಬೇರೆಡೆ ಬೆಳೆದ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಕೆಂಪು ದ್ರಾಕ್ಷಾರಸಕ್ಕೂ ಹೀಗೆಯೇ ಊರಿನ ಹೆಸರಿನಿಂದ ಬೆಲೆ. ಫ್ರಾನ್ಸಿನ ಬೋರ್ಡೊ ಇದಕ್ಕೆ ಪ್ರಸಿದ್ಧವಾದ ಸೀಮೆ. ನಾವು ಸಿಂಪಡಿಸುವ ಬೋರ್ಡೊ ದ್ರಾವಣವೂ 1885ರ ಸುಮಾರಿಗೆ ಅಲ್ಲಿನ ದ್ರಾಕ್ಷಿ ತೋಟಗಳಿಂದಲೇ ಬಂದದ್ದು.

ಕರ್ನಾಟಕದಲ್ಲಿ 2007ರಲ್ಲಿ ದ್ರಾಕ್ಷಾರಸ ನೀತಿ ಜಾರಿಗೆ ಬಂದಿತು. ದಕ್ಷಿಣದಲ್ಲಿ ನಂದಿ ಕಣಿವೆ, ಉತ್ತರದಲ್ಲಿ ಕೃಷ್ಣಾ ಕಣಿವೆ ಇದರ ಮುಖ್ಯ ಸೀಮೆಗಳು. ನಮ್ಮ ಭಾಗದಲ್ಲಿಯೂ ಈ ದ್ರಾಕ್ಷಿಯನ್ನು ಸಾವಯವವಾಗಿ ಬೆಳೆಯುವ ಯೋಚನೆ ತಮಗಿದ್ದರೆ, ಸಸಿ ತರುವ ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಿರಿ.

ಏಕೆಂದರೆ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ತಳಿಗಳ ಕಾಯಿ ಸಣ್ಣದು, ಬೀಜವುಳ್ಳದ್ದು, ಸಿಪ್ಪೆ ದಪ್ಪ. ತಿನ್ನಲು ಗಿರಾಕಿ ಇಲ್ಲ, ಒಣದ್ರಾಕ್ಷಿಗೂ ಒಗ್ಗದು. ಬೆಂಗಳೂರು ನೀಲಿಯಾದರೆ ತಿನ್ನಲೂ ಆದೀತು, ರಸಕ್ಕೂ ಆದೀತು. ಇವಕ್ಕೆ ಆ ಅನುಕೂಲವಿಲ್ಲ. ಕಾರ್ಖಾನೆ ಬೇಡವೆಂದರೆ ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯಲ್ಲೂ ಮಾರಲಾಗದು. ಸ್ವತಃ ದ್ರಾಕ್ಷಾರಸ ಮಾಡಿ ಮಾರಲು ಅಬಕಾರಿ ಪರವಾನಗಿ ಬೇಕು. 2008ರ ನಂತರ ಬೇಡಿಕೆ ಕುಸಿದಾಗ ನಾಸಿಕದ ಕಡೆಯ ಅನೇಕ ರೈತರು ಇಂಥ ಬಳ್ಳಿಗಳನ್ನು ಕಿತ್ತುಹಾಕಬೇಕಾಯಿತು. ಆದ್ದರಿಂದ ಬೆಲೆ, ಸಕ್ಕರೆಯ ಪ್ರಮಾಣ, ಸಾಗಾಣಿಕೆಯ ಹೊಣೆ ಇವನ್ನೆಲ್ಲ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಸಾಲದು.

ನೀರು ನಿಲ್ಲುವ ಆಳವಾದ ಎರೆ ಭೂಮಿಗಿಂತ ಬಸಿಯುವ ಮಸಾರಿ ಭೂಮಿ ಮೇಲು. ಸಾವಯವ ದೃಢೀಕರಣದಲ್ಲಿ ಬಹುವಾರ್ಷಿಕ ಬೆಳೆಗೆ ಮೊದಲ ಸಾವಯವ ಕೊಯ್ಲಿನ ಮುಂಚೆ ಮೂರು ವರ್ಷಗಳ ಪರಿವರ್ತನಾ ಕಾಲವಿದೆ. ಹೊಸ ಬಳ್ಳಿ ಫಸಲಿಗೆ ಬರುವಷ್ಟರಲ್ಲಿ ಇದರ ಬಹುಭಾಗ ಕಳೆದಿರುತ್ತದೆ. ಹಳೆಯ ತೋಟವನ್ನು ಬದಲಿಸುವುದಕ್ಕಿಂತ ಮೊದಲ ದಿನದಿಂದಲೇ ದಾಖಲೆ ಇಟ್ಟು ಹೊಸದಾಗಿ ನೆಡುವುದು ಲೇಸು.

ನಮ್ಮ ಜಿಲ್ಲೆಯಲ್ಲಿ ಒಂದು ತೊಡಕಿದೆ. ಅಕ್ಟೋಬರ್ ಚಾಟನಿಯ ನಂತರ ಬಳ್ಳಿ ಚಿಗುರಿ ಹೂ ಬಿಡುವಾಗಲೇ ಪಕ್ಕದ ತೊಗರಿ ಹೊಲದಲ್ಲಿ ಕಾಯಿಕೊರಕಕ್ಕೆ ಔಷಧಿ ಹೊಡೆಯುತ್ತಾರೆ. ಗಾಳಿಯಲ್ಲಿ ತೂರಿ ಬಂದ ಹನಿಯಿಂದಲೂ ದೃಢೀಕರಣ ಕೈತಪ್ಪಬಹುದು. ಅಂಚಿನಲ್ಲಿ ಎತ್ತರದ ಜೀವಂತ ಬೇಲಿ ಇರಲಿ, ನೆರೆಯವರೊಡನೆ ಮೊದಲೇ ಮಾತಾಡಿರಿ. ಇದು ಕಾಗದದ ಕೆಲಸಕ್ಕಿಂತ ಕಷ್ಟ.

ಚಾಟನಿಯ ನಂತರ ಕಣ್ಣು ಒಡೆಯಲು ಹಚ್ಚುವ ಹೈಡ್ರೋಜನ್ ಸಯನಮೈಡ್ ಸಾವಯವದಲ್ಲಿ ನಿಷಿದ್ಧ. ಚಿಗುರು ಸ್ವಲ್ಪ ಏರುಪೇರಾದೀತು. ಕಾಯಿ ಉಬ್ಬಿಸುವ ಜಿಬ್ಬರೆಲಿಕ್ ಆಮ್ಲಕ್ಕೂ ಅವಕಾಶವಿಲ್ಲ, ಅದರ ಅಗತ್ಯವೂ ಇಲ್ಲ: ಬಣ್ಣವೆಲ್ಲ ಸಿಪ್ಪೆಯಲ್ಲಿರುವುದರಿಂದ ಕಾಯಿ ಸಣ್ಣದಿದ್ದಷ್ಟೂ ರಸ ಗಾಢವಾಗುತ್ತದೆ. ಬೂಜು ತುಪ್ಪಟ ರೋಗಕ್ಕೆ ಶೇಕಡಾ 1ರ ಬೋರ್ಡೊ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆದರೆ ತಾಮ್ರಕ್ಕೆ ವರ್ಷದ ಮಿತಿಯುಂಟು. ದೃಢೀಕರಣ ಸಂಸ್ಥೆಯನ್ನು ಕೇಳಿ ಬಳಸಿರಿ. ಬೂದಿ ರೋಗಕ್ಕೆ ಗಂಧಕ ಸಾಕು. ಕೊಯ್ಲು ಸಮೀಪಿಸಿದಾಗ ಅದನ್ನು ನಿಲ್ಲಿಸಿರಿ, ಉಳಿದ ಗಂಧಕದಿಂದ ದ್ರಾಕ್ಷಾರಸಕ್ಕೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಸಕ್ಕರೆ 22ರಿಂದ 24 ಬ್ರಿಕ್ಸ್ ಬಂದಾಗ ಕೊಯ್ಯಿರಿ. ಮಾರ್ಚಿನ ಬಿಸಿಲು ಬಲಿತರೆ ಹುಳಿ ಬೇಗ ಇಳಿದು ರಸ ಸಪ್ಪೆಯಾಗುತ್ತದೆ. ಬೆಳಗಿನ ತಂಪಿನಲ್ಲೇ ಕೊಯ್ದು, ಆಳವಿಲ್ಲದ ಕ್ರೇಟುಗಳಲ್ಲಿ ತುಂಬಿ ಅಂದೇ ಕಾರ್ಖಾನೆ ಮುಟ್ಟಿಸಿರಿ.